ಬಟ್ಟಲಿಗೆ ನೀರು ಹಾಕುವವಳು

ಜನವರಿ 9

ದೊಡ್ಡಮ್ಮ,

ನೀವು ಕಳಿಸಿದ ಸಾಮಾನು ಹೋದ ವಾರ ಬಂತು. ಎರಡು ಥರ್ಮಾಮೀಟರೂ ಒಡೆದಿಲ್ಲ. ಅವನ್ನು ಇಡುವ ಪೆಟ್ಟಿಗೆಯ ಹಲಗೆಗಳಲ್ಲಿ ಒಂದು ಮಾತ್ರ ಬಿರುಕು ಬಿಟ್ಟಿತ್ತು, ಅಂಟು ಹಚ್ಚಿ ಸರಿ ಮಾಡಿದೆ. ಅಂಚೆಯವನು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ, "ಏನಮ್ಮಾ ಇದ್ರೊಳಗೆ, ಇಟ್ಟಿಗೆನಾ?" ಅಂದ. "ಹವಾಮಾನ" ಅಂದೆ. ಅವನು ನನ್ನ ಮುಖವನ್ನೇ ಒಂದು ಕ್ಷಣ ನೋಡಿ, ಸಹಿ ಹಾಕಿಸಿಕೊಂಡು ಹೋದ.

ನಿಮ್ಮನ್ನು ನಾನು ನೋಡಿದ್ದು ನಾಲ್ಕು ವರ್ಷದವಳಿದ್ದಾಗ. ಆಗ ನೀವೇ ನನಗೆ ಮೊಂಡಿ ಅಂತ ಹೆಸರಿಟ್ಟಿರಂತೆ. ಈ ಹನ್ನೆರಡು ವರ್ಷದಲ್ಲಿ ನಿಮ್ಮ ಮುಖ ಮರೆತಿದ್ದೇನೆ, ಹೆಸರು ಮಾತ್ರ ಅಂಟಿಕೊಂಡಿದೆ. ಹೀಗಿರುವಾಗ ಏಕಾಏಕಿ ಕಾಗದ ಬರೆದು ಥರ್ಮಾಮೀಟರ್ ಕೇಳಿದೆನಲ್ಲ, ನಿಮಗೆ ಏನನ್ನಿಸಿತೋ. ಏನು ಮಾಡಲಿ, ನಮ್ಮ ಕಡೆ ಹವಾಮಾನ ಕೇಂದ್ರದಲ್ಲಿ ಕೆಲಸ ಮಾಡುವವರು ನೀವೊಬ್ಬರೇ.

ವಿಷಯ ಇಷ್ಟು. ಭೂಗೋಳದ ಮೇಡಂ ಹೈಸ್ಕೂಲಿನ ಕೊನೆಯ ಎರಡು ವರ್ಷಕ್ಕೆ ಸೇರಿ ಒಂದು ಪ್ರಾಜೆಕ್ಟ್ ಕೊಟ್ಟಿದ್ದಾರೆ. ಈ ಜನವರಿಯಿಂದ ಡಿಸೆಂಬರ್‌ವರೆಗೆ, ದಿನಾ ಬೆಳಿಗ್ಗೆ ಎಂಟೂವರೆಗೆ, ಒಂದೇ ಜಾಗದಲ್ಲಿ ರೀಡಿಂಗ್ ತೆಗೆದು ಬರೆಯಬೇಕು. ನೂರಕ್ಕೆ ನಲವತ್ತು ಅಂಕ ಇದಕ್ಕೇ. ಭೂಗೋಳದಲ್ಲಿ ಅರವತ್ತು ದಾಟದಿದ್ದರೆ ಮುಂದೆ ಕಾಲೇಜಿನಲ್ಲಿ ಆ ವಿಷಯವನ್ನೇ ಕೊಡುವುದಿಲ್ಲ. ನನಗೆ ಬೇರೆ ಯಾವ ವಿಷಯವೂ ತಲೆಗೆ ಹತ್ತುವುದಿಲ್ಲ, ಇದೊಂದು ಬಿಟ್ಟು. ತರಗತಿಯಲ್ಲಿ ಎಲ್ಲರಿಗೂ ಈಗಲೇ ಸುಸ್ತು. ನದಿ ಎಲ್ಲಿ ಹುಟ್ಟಿ ಎಲ್ಲಿ ಸೇರಿದರೆ ನಮಗೇನು ಅನ್ನುವ ಮುಖ ಮಾಡಿಕೊಂಡು ಕೂತಿರುತ್ತಾರೆ. ನನಗೂ ನಿದ್ದೆ ಬರುತ್ತದೆ, ಆದರೆ ನಕಾಶೆ ಬಿಚ್ಚಿದರೆ ಎಚ್ಚರವಾಗುತ್ತದೆ.

ಪೆಟ್ಟಿಗೆಯನ್ನು ಟೆರೇಸಿನ ಮೇಲೆ ನಿಲ್ಲಿಸಿದ್ದೇನೆ. ನಮ್ಮ ಬಾಗಿಲಿನಿಂದ ಅಲ್ಲಿಗೆ ನಲವತ್ತೆರಡು ಮೆಟ್ಟಿಲು. ಅಮ್ಮ ಅದನ್ನು ಪಾರಿವಾಳದ ಗೂಡು ಅಂತಾಳೆ. ಮೊದಲ ದಿನ ನಿಮ್ಮ ಹೆಸರು ಎತ್ತಿದ್ದಕ್ಕೆ ಮುಖ ಸಿಂಡರಿಸಿಕೊಂಡು ಓಡಾಡಿದಳು. ಮಾರನೇ ದಿನ ತಾನೇ ಬಂದು, "ಈ ಎರಡರಲ್ಲಿ ಒಂದಕ್ಕೆ ಬಟ್ಟೆ ಯಾಕೆ ಸುತ್ತಿದ್ದೀಯೆ?" ಅಂತ ಕೇಳಿದಳು. ಒದ್ದೆ ಬಟ್ಟೆ ಆರುವಾಗ ತಂಪಾಗುತ್ತದೆ, ಹಾಗಾಗಿ ಅದು ಕಡಿಮೆ ತೋರಿಸುತ್ತದೆ, ಎರಡರ ವ್ಯತ್ಯಾಸದಿಂದ ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ಗೊತ್ತಾಗುತ್ತದೆ ಅಂತ ಹೇಳಿದೆ. ಬಟ್ಟೆಯ ತುದಿ ಮುಳುಗಿರುವ ಬಟ್ಟಲಿಗೆ ದಿನಾ ಡಿಸ್ಟಿಲ್ಡ್ ನೀರು ಬೇಕು, ಅದಕ್ಕೆ ಎಲ್ಲಿ ಹೋಗಲಿ ಅಂದೆ. ಅಮ್ಮ ನಕ್ಕಳು. ಅವಳು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಬೆ ಇಸ್ತ್ರಿಪೆಟ್ಟಿಗೆಗಳಿಗೆ ಹಾಕುವುದು ಅದೇ ನೀರಂತೆ. ಸಂಜೆ ಒಂದು ಬಾಟಲಿ ತಂದೇಬಿಟ್ಟಳು. "ನಿನ್ನ ಗೆರೆ ಓದೋಕೆ ನನಗೆ ಬರಲ್ಲ. ನೀರು ಹಾಕೋದು ನನ್ನ ಕೆಲಸ. ನೀನು ಮುಟ್ಟಬೇಡ" ಅಂದಳು. ಈಗ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹತ್ತಿ ಹೋಗಿ ಬಟ್ಟಲು ತುಂಬಿಸಿ ಬರುತ್ತಾಳೆ.

ತಿಂಗಳ ಹಾಳೆ ನಿಮಗೂ ಕಳಿಸುತ್ತೇನೆ. ತಪ್ಪಿದ್ದರೆ ಹೇಳಿ.

ಮೊಂಡಿ

~

ಫೆಬ್ರವರಿ 14

ಮೊಂಡಿ,

ಕಾಗದ ತಲುಪಿತು. ಜನವರಿಯ ಹಾಳೆಯೂ ಬಂತು. ಅಕ್ಷರ ಕೋಳಿ ಕೆದರಿದ ಹಾಗಿದೆ, ಅಂಕಿ ಪರವಾಗಿಲ್ಲ.

ಕೇಂದ್ರದಲ್ಲಿ ನಾವು ಇಬ್ಬರೇ. ನಾನು, ಇನ್ನೊಬ್ಬ ವೀಕ್ಷಕ. ಅವನಿಗೆ ನಾನು ಮೋಡರಾಯ ಅಂತ ಹೆಸರಿಟ್ಟಿದ್ದೇನೆ. ಮಂಡಿ ನೋವು ಬಂದರೆ ಮಳೆ ಬರುತ್ತದೆ ಅಂತಾನೆ, ಮಳೆ ಬರದಿದ್ದರೆ ಮಂಡಿಯನ್ನೇ ಬೈಯುತ್ತಾನೆ. ಮೂರು ಗಂಟೆಗೊಂದು ರೀಡಿಂಗ್, ದಿನಕ್ಕೆ ಎಂಟು. ನಾಲ್ಕು ನನ್ನವು, ನಾಲ್ಕು ಅವನವು. ವಾರಕ್ಕೊಂದು ಜೀಪು ಸಾಮಾನು, ಟಪಾಲು ತರುತ್ತದೆ. ಅದೂ ದಾರಿ ಚೆನ್ನಾಗಿದ್ದರೆ. ಇಲ್ಲಿರುವ ಫೋನಿನಲ್ಲಿ ಅಂಕಿ ಕಳಿಸಬಹುದು, ಹರಟೆ ಹೊಡೆಯುವಂತಿಲ್ಲ.

ನನ್ನ ಮಾತು ಗಮನವಿಟ್ಟು ಕೇಳು. ಥರ್ಮಾಮೀಟರಿಗೆ ಕಣ್ಣು ಸಮಕ್ಕೆ ಇರಲಿ. ಉಸಿರು ತಾಗಿಸಬೇಡ. ಓದಿದ್ದನ್ನು ಅಲ್ಲೇ ಬರಿ, ಮೆಟ್ಟಿಲು ಇಳಿದ ಮೇಲೆ ಜ್ಞಾಪಿಸಿಕೊಂಡು ಬರೆಯಬೇಡ. ಮತ್ತೆ, ಒಂದು ದಿನವೂ ತಪ್ಪಿಸಬೇಡ. ಇಪ್ಪತ್ತಾರು ವರ್ಷದಿಂದ ನನ್ನ ಪಾಳಿಯಲ್ಲಿ ಈ ರೀಡಿಂಗ್ ಪುಸ್ತಕದ ಅಂಕಣಗಳಲ್ಲಿ ಒಂದು ಮನೆಯೂ ಖಾಲಿ ಉಳಿದಿಲ್ಲ. ಜ್ವರ ಬಂದಾಗಲೂ ಉಳಿದಿಲ್ಲ. ಬೇರೆ ಯಾವ ಹೆಗ್ಗಳಿಕೆಯೂ ನನಗಿಲ್ಲ, ಇದೊಂದಿದೆ.

ನಿಮ್ಮಮ್ಮ ನನಗೆ ಬರೆಯುವುದಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡ. ನಮ್ಮಮ್ಮ ತೀರಿಕೊಂಡಾಗ ನಾನು ಬರಲಿಲ್ಲ. ಆಗ ಮೋಡರಾಯ ರಜೆಯಲ್ಲಿದ್ದ, ಇಲ್ಲಿ ನಾನೊಬ್ಬಳೇ. ನಿಮ್ಮಮ್ಮ ಒಂದಿಡೀ ದಿನ ನನಗೋಸ್ಕರ ಎಲ್ಲರನ್ನೂ ಕಾಯಿಸಿದಳಂತೆ. ರೀಡಿಂಗ್ ಬಿಟ್ಟು ಬರೋಕಾಗಲ್ಲ ಅಂತ ಹೇಳಿ ಕಳಿಸಿದೆ. ಅವಳ ಕೋಪ ನ್ಯಾಯವೇ, ನನ್ನ ಕೆಲಸವೂ ನ್ಯಾಯವೇ. ಇನ್ನು ಆ ಮಾತು ಬೇಡ.

ಬಟ್ಟಲಿಗೆ ನೀರು ತಪ್ಪದಿರಲಿ.

ದೊಡ್ಡಮ್ಮ

~

ಮೇ 14

ದೊಡ್ಡಮ್ಮ,

ತಡವಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ಫೆಬ್ರವರಿ, ಮಾರ್ಚ್, ಏಪ್ರಿಲ್ ಮೂರರ ಹಾಳೆಯೂ ಜೊತೆಗಿದೆ.

ಹೇಳುವಂಥ ವಿಶೇಷ ಏನೂ ಇಲ್ಲ. ರಜೆಯಲ್ಲೂ ಮೇಡಂ ಮಧ್ಯಾಹ್ನ ತರಗತಿ ತೆಗೆದುಕೊಳ್ಳುತ್ತಾರೆ. ಗಾಳಿಯ ಒತ್ತಡದ ಪಟ್ಟಿಗಳು ಮುಗಿದವು, ಈಗ ಸಾಗರದ ಪ್ರವಾಹಗಳು. ಬಿಸಿ ಪ್ರವಾಹಕ್ಕೆ ಕೆಂಪು, ತಣ್ಣನೆಯದಕ್ಕೆ ನೀಲಿ. ನಿನ್ನೆ ಎಲ್ಲವನ್ನೂ ನೀಲಿಯಲ್ಲೇ ಬರೆದು ಕೊಟ್ಟುಬಿಟ್ಟೆ. ಮೇಡಂ ಹಾಳೆ ಎತ್ತಿ ಹಿಡಿದು, "ಇಡೀ ಪ್ರಪಂಚಕ್ಕೇ ನೆಗಡಿ ಬಂದಿದ್ಯೇನೆ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅಮ್ಮ ಚೆನ್ನಾಗಿದ್ದಾಳೆ.

ಒಂದು ವಿನಂತಿ. ಇನ್ನು ಮುಂದೆ ಕಾಗದವನ್ನು ಶಾಲೆಯ ವಿಳಾಸಕ್ಕೆ, ಭೂಗೋಳದ ಮೇಡಂ ಹೆಸರು ಹಾಕಿ ಕಳಿಸಿ. ಅವರನ್ನು ಕೇಳಿದ್ದೇನೆ, ಆಗಬಹುದು ಅಂದಿದ್ದಾರೆ. ಕಾರಣ ಕೇಳಬೇಡಿ.

ಮೊಂಡಿ

~

ಜೂನ್ 2

ಮೊಂಡಿ,

ಕಾರಣ ಕೇಳುವುದಿಲ್ಲ. ನಿಮ್ಮಮ್ಮನಿಗೆ ನನ್ನ ಅಕ್ಷರ ಕಂಡರೂ ಆಗುವುದಿಲ್ಲ ಅಂತ ನನಗೆ ಗೊತ್ತು. ಇರಲಿ.

ಆದರೆ ಈ ಹಾಳೆಗೆ ಕಾರಣ ಕೇಳುತ್ತೇನೆ. ಫೆಬ್ರವರಿ, ಮಾರ್ಚ್ ಚೊಕ್ಕವಾಗಿದೆ. ಒಣ ಥರ್ಮಾಮೀಟರಿಗೂ ಒದ್ದೆಯದಕ್ಕೂ ಐದು, ಆರು ಡಿಗ್ರಿ ವ್ಯತ್ಯಾಸ. ಏಪ್ರಿಲ್ ಒಂದರಿಂದ ಅದು ಕುಗ್ಗುತ್ತ ಬಂದಿದೆ. ಐದು, ನಾಲ್ಕು, ಮೂರು. ಅಂದರೆ ಬಟ್ಟಲಿಗೆ ನಲ್ಲಿ ನೀರು ಬಿದ್ದಿದೆ. ನಲ್ಲಿ ನೀರಿನ ಉಪ್ಪು ಬಟ್ಟೆಯಲ್ಲಿ ಕೂತು ಗಟ್ಟಿಯಾಗುತ್ತದೆ, ಬಟ್ಟೆ ಸರಿಯಾಗಿ ನೀರು ಎಳೆಯುವುದಿಲ್ಲ. ಪುಕ್ಕಟೆ ಸಿಗುವ ಒಳ್ಳೆಯ ನೀರು ಬಿಟ್ಟು ನಲ್ಲಿಗೆ ಹೋಗುವಂಥ ಅವಸರ ಏನಿತ್ತು?

ಅದಕ್ಕಿಂತ ಚೆಂದ ಮುಂದಿದೆ. ಏಪ್ರಿಲ್ ಇಪ್ಪತ್ತೆರಡರಿಂದ ತಿಂಗಳ ಕೊನೆಯವರೆಗೆ ಎರಡೂ ಒಂದೇ! ಎರಡೂ ಒಂದೇ ಆಗಬೇಕಾದರೆ ಒಂದೋ ಮೈಮೇಲೆ ಮಂಜು ಸುರಿಯುತ್ತಿರಬೇಕು, ಇಲ್ಲವೇ ಬಟ್ಟಲು ಒಣಗಿ ಬಿದ್ದಿರಬೇಕು. ಹಾಳೆಯಲ್ಲಿ ಅದರ ಪಕ್ಕದ ಮನೆಯಲ್ಲಿ ನಿನ್ನ ಕೈಯಿಂದಲೇ "ಆಕಾಶ ನಿರ್ಮಲ" ಅಂತ ಬರೆದಿದ್ದೀಯ. ಒಂಬತ್ತು ದಿನ ಪೆಟ್ಟಿಗೆ ಮುಂದೆ ನಿಂತು, ಒಣಗಿದ ಬಟ್ಟಲನ್ನು ಕಣ್ಣಾರೆ ನೋಡಿ, ಒಂದು ಲೋಟ ನೀರು ಹಾಕಲು ನಿನಗೆ ಕೈ ಬರಲಿಲ್ಲವೇ? ಇದಕ್ಕೆ ಸೋಮಾರಿತನ ಅನ್ನಲೋ, ಅಹಂಕಾರ ಅನ್ನಲೋ?

ಸುಸ್ತು ಅಂತ ಹೇಳಬೇಡ. ಹದಿನೇಳಕ್ಕೆ ಎಂಥ ಸುಸ್ತು? ಮನಸ್ಸಿಲ್ಲದಿದ್ದರೆ ಥರ್ಮಾಮೀಟರ್ ವಾಪಸ್ ಕಳಿಸು. ಮನಸ್ಸಿದ್ದರೆ ಇನ್ನು ಮುಂದಿನ ಹಾಳೆ ಸರಿಯಾಗಿರಲಿ.

ದೊಡ್ಡಮ್ಮ

~

ಜೂನ್ 20

ದೊಡ್ಡಮ್ಮ,

ತಪ್ಪಾಯಿತು. ಇನ್ನು ಮುಂದೆ ಸರಿಯಾಗಿರುತ್ತದೆ.

ಮೊಂಡಿ

~

ಸೆಪ್ಟೆಂಬರ್ 5

ದೊಡ್ಡಮ್ಮ,

ಮೇಯಿಂದ ಆಗಸ್ಟ್‌ವರೆಗಿನ ಹಾಳೆ ಇದರ ಜೊತೆಗಿದೆ. ಒಂದು ದಿನವೂ ಬಿಟ್ಟಿಲ್ಲ. ನೋಡಿ ಹೇಳಿ.

ಕೊನೆಯ ವರ್ಷದ ಪಾಠಗಳು ಜೋರಾಗಿವೆ. ಬರೆಯಲು ಪುರುಸೊತ್ತಿಲ್ಲ.

ಮೊಂಡಿ

~

ಸೆಪ್ಟೆಂಬರ್ 15

ಮೊಂಡಿ,

ಶಹಬ್ಬಾಸ್! ಇದು ಹಾಳೆ ಅಂದರೆ. ನಾಲ್ಕು ತಿಂಗಳು, ಒಂದು ಮನೆ ಖಾಲಿ ಇಲ್ಲ, ಒದ್ದೆ ಥರ್ಮಾಮೀಟರ್ ಎಲ್ಲಿರಬೇಕೋ ಅಲ್ಲೇ ಇದೆ. ಜೂನ್‌ನಲ್ಲಿ ನಿನಗೆ ಖಾರವಾಗಿ ಬರೆದೆ, ಬರೆದದ್ದು ಒಳ್ಳೆಯದೇ ಆಯಿತು. ಮೋಡರಾಯನಿಗೂ ತೋರಿಸಿದೆ. "ನಿಮ್ಮ ಮನೆತನದ ರಕ್ತದಲ್ಲೇ ಇದೆ ಬಿಡಿ" ಅಂದ. ನನಗೆ ಎಂದೂ ಇಲ್ಲದ ಜಂಬ ಬಂತು.

ಮುಂದಿನ ಜೀಪಿನಲ್ಲಿ ಇದನ್ನು ಹಾಕುತ್ತೇನೆ.

~

ಸೆಪ್ಟೆಂಬರ್ 24

ದಾರಿ ಕುಸಿದು ಜೀಪು ಬರಲಿಲ್ಲ. ಮೇಲಿನದು ಇಲ್ಲೇ ಉಳಿಯಿತು. ಹರಿದು ಹಾಕಬೇಕು ಅಂತ ಕೈಗೆತ್ತಿಕೊಂಡೆ, ಹರಿಯಲಿಲ್ಲ. ನಾನು ಎಂಥ ದಡ್ಡಿ ಅಂತ ನಿನಗೂ ಗೊತ್ತಾಗಲಿ.

ಈ ಒಂಬತ್ತು ದಿನ ಬೇರೆ ಓದಲು ಏನೂ ಇರಲಿಲ್ಲ, ನಿನ್ನ ಹಾಳೆಯನ್ನೇ ಓದಿದೆ. ನೂರಿಪ್ಪತ್ತಮೂರು ದಿನ, ದಿನಕ್ಕೆ ಎರಡು ಅಂಕಿ. ಮೊದಲ ಮೂರು ತಿಂಗಳಲ್ಲಿ 24.0 ಇದೆ, 21.5 ಇದೆ, ಬೇಕಾದಷ್ಟಿವೆ. ಮೇ ಒಂದರಿಂದ ಈಚೆಗೆ ಸೊನ್ನೆಯಲ್ಲೋ ಐದರಲ್ಲೋ ಮುಗಿಯುವ ಅಂಕಿ ಒಂದೂ ಇಲ್ಲ. ಬರೀ 24.3, 24.7, 23.9.

ನಿಜವಾಗಿ ಪೆಟ್ಟಿಗೆ ಮುಂದೆ ನಿಂತವರಿಗೆ ಸುಸ್ತಾಗಿರುತ್ತದೆ ಮೊಂಡಿ. ಪಾದರಸ ಎರಡು ಸಣ್ಣ ಗೆರೆಗಳ ನಡುವೆ ನಿಂತರೆ ಕಣ್ಣು ತಾನಾಗಿ ಹತ್ತಿರದ ದೊಡ್ಡ ಗೆರೆಗೆ ಜಾರುತ್ತದೆ. ಸರಿಯಲ್ಲ, ಆದರೆ ಎಲ್ಲರ ಪುಸ್ತಕದಲ್ಲೂ ಹಾಗೇ. ಕೂತಲ್ಲೇ ಅಂಕಿ ಹುಟ್ಟಿಸುವವರು ಮಾತ್ರ ಸೊನ್ನೆಗೆ ಹೆದರುತ್ತಾರೆ. ದುಂಡು ಅಂಕಿ ಬರೆದರೆ ಸುಳ್ಳು ಅಂತ ಗೊತ್ತಾಗಿಬಿಡುತ್ತದೆ ಅನ್ನುವ ಭಯ ಅವರಿಗೆ. ನೀನು ನಾಲ್ಕು ತಿಂಗಳಿನಿಂದ ಟೆರೇಸು ಹತ್ತಿಲ್ಲ.

ಮೊದಲು ಸಿಟ್ಟು ನೆತ್ತಿಗೇರಿತು. ಬೈದು ಬರೆಯೋಣ ಅಂತ ನಿನ್ನ ಕಾಗದಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತೆ. ಜನವರಿಯದು ಕೈಗೆ ಬಂತು. ಓದುತ್ತ ಓದುತ್ತ ಒಂದು ಸಾಲಿನ ಮೇಲೆ ಬೆರಳಿಟ್ಟೆ.

ಬಟ್ಟಲಿಗೆ ನೀರು ಹಾಕುತ್ತಿದ್ದವಳು ನೀನಲ್ಲ.

ಲಾಂಡ್ರಿಯ ನೀರು ಏಪ್ರಿಲ್ ಒಂದಕ್ಕೆ ನಿಂತಿದೆ. ಅಂದರೆ ಅವಳು ಅಂದಿನಿಂದ ಕೆಲಸಕ್ಕೆ ಹೋಗಿಲ್ಲ. ಮೂರು ವಾರ ನಲ್ಲಿ ನೀರು ಹಾಕಿದ್ದಾಳೆ. ಇಪ್ಪತ್ತೆರಡಕ್ಕೆ ಅದೂ ನಿಂತಿದೆ. ಅಂದಿನಿಂದ ಅವಳಿಗೆ ನಲವತ್ತೆರಡು ಮೆಟ್ಟಿಲು ಹತ್ತಲು ಆಗಿಲ್ಲ. ಇಷ್ಟೂ ನನ್ನ ಕೈಯಲ್ಲೇ ಇತ್ತು, ಜೂನ್‌ನಲ್ಲೇ ಇತ್ತು. ನಾನು ಓದಿದ್ದು ಸೋಮಾರಿತನ ಅಂತ.

ನನ್ನ ತಂಗಿಗೆ ಏನಾಗಿದೆ? ಮುಚ್ಚಿಡದೆ ಬರಿ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ.

ದೊಡ್ಡಮ್ಮ

~

ಅಕ್ಟೋಬರ್ 6

ದೊಡ್ಡಮ್ಮ,

ನಿಮ್ಮ ಕಾಗದವನ್ನು ಮೇಡಂ ಬಿಡುವಿನಲ್ಲಿ ಕೊಟ್ಟರು. ವರಾಂಡದ ಬೆಂಚಿನ ಮೇಲೆ ಕೂತು ಓದಿದೆ. ಅಷ್ಟು ಜನ ಓಡಾಡುವ ಕಡೆ ಅತ್ತುಬಿಟ್ಟೆ. ಒಬ್ಬಳು ಹುಡುಗಿ ಬಂದು "ಭೂಗೋಳದಲ್ಲಿ ಫೇಲಾ?" ಅಂತ ಕೇಳಿದಳು. ಹೂಂ ಅಂದೆ.

ಮಾರ್ಚ್ ಮೂವತ್ತೊಂದಕ್ಕೆ ಅಮ್ಮ ಇಸ್ತ್ರಿ ಮೇಜಿನ ಪಕ್ಕದಲ್ಲೇ ಕುಸಿದು ಬಿದ್ದಳು. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚಿಕೊಳ್ಳುತ್ತಿಲ್ಲವಂತೆ. ಆಪರೇಷನ್ ಆಗಲೇಬೇಕು. ಆಸ್ಪತ್ರೆ ತನ್ನ ಕೆಲಸದವರಿಗೆ ಪುಕ್ಕಟೆ ಮಾಡುತ್ತದೆ, ಆದರೆ ಅವರ ಹೆಸರು ಹಾಜರಿ ಪುಸ್ತಕದಲ್ಲಿ ಇರಬೇಕು. ಒಂದು ತಿಂಗಳ ರಜೆ ಕೊಟ್ಟರು. ಅದು ಮುಗಿದ ಮೇಲೆ ಲಾಂಡ್ರಿಯ ಮೇಲ್ವಿಚಾರಕಿ, "ಮನೆಯವರು ಯಾರಾದ್ರೂ ಬಂದು ಅವಳ ಜಾಗದಲ್ಲಿ ನಿಂತ್ರೆ ಹೆಸರು ತೆಗೆಯಲ್ಲ" ಅಂದರು. ಮನೆಯಲ್ಲಿರುವುದೇ ನಾವಿಬ್ಬರು, ಇನ್ಯಾರು? ಮೇ ಒಂದರಿಂದ ನಾನೇ ಹೋಗುತ್ತಿದ್ದೇನೆ. ಬೆಳಿಗ್ಗೆ ಆರರಿಂದ ಹತ್ತೂವರೆ. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ. ಎಂಟೂವರೆಗೆ ಟೆರೇಸಿನ ಮೇಲೆ ಹೇಗಿರಲಿ? ಶಾಲೆಯಲ್ಲಿ ಮೊದಲ ಪಿರಿಯಡ್ ಭೂಗೋಳ, ಅದು ದಿನಾ ತಪ್ಪುತ್ತದೆ. ಮೇಡಂ ಬಿಡುವಿನಲ್ಲಿ ಕೂರಿಸಿಕೊಂಡು ಹೇಳಿಕೊಡುತ್ತಾರೆ. ಅವರು ಹೇಳುವಾಗಲೇ ನನಗೆ ಕಣ್ಣು ಮುಚ್ಚಿ ಹೋಗುತ್ತದೆ.

ನಲ್ಲಿ ನೀರಿನ ವಿಷಯ ನೀವು ಹೇಳಿದ್ದು ಸರಿ. ಕೆಲಸಕ್ಕೆ ಹೋಗದಿದ್ದರೂ ಅಮ್ಮ ಮೂರು ವಾರ ಹತ್ತಿದಳು. ಅರ್ಧಕ್ಕೆ ಕೂತು, ಮತ್ತೆ ಎದ್ದು, ಒಂದು ಲೋಟ ನೀರಿಗೆ ಅರ್ಧ ಗಂಟೆ. ಬೇಡ ಅಂದರೆ "ಇದು ನನ್ನ ಕೆಲಸ" ಅನ್ನುವಳು. ಇಪ್ಪತ್ತೆರಡಕ್ಕೆ ಹತ್ತನೇ ಮೆಟ್ಟಿಲಿನಿಂದಲೇ ವಾಪಸ್ ಬಂದಳು. ನನ್ನ ಮುಖ ನೋಡದೆ ಹೋಗಿ ಮಲಗಿದಳು.

ಒಂಬತ್ತು ದಿನ ಒಣಗಿದ ಬಟ್ಟಲು ನೋಡುತ್ತ ಕೈ ಕಟ್ಟಿ ನಿಂತಿದ್ದೆಯಲ್ಲ ಅಂತ ಕೇಳಿದ್ದಿರಿ. ನಾನು ಹಾಕಬಹುದಿತ್ತು ದೊಡ್ಡಮ್ಮ. ಲೋಟ ಕೈಯಲ್ಲಿ ಹಿಡಿದೇ ಹತ್ತುತ್ತಿದ್ದೆ. ನಾನು ತುಂಬಿಸಿದರೆ ಅಮ್ಮ ಇನ್ನು ಹತ್ತುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ನಾಳೆ ಹತ್ತುತ್ತಾಳೆ, ಅವಳ ಕೆಲಸ ಅವಳಿಗಿರಲಿ ಅಂತ ದಿನಾ ಲೋಟದ ನೀರನ್ನು ಟೆರೇಸಿನ ಮೂಲೆಗೆ ಚೆಲ್ಲಿ ಇಳಿದು ಬರುತ್ತಿದ್ದೆ. ಹುಚ್ಚುತನ, ಗೊತ್ತು.

ಮೇ ತಿಂಗಳನ್ನು ಖಾಲಿಯೇ ಬಿಟ್ಟಿದ್ದೆ. ನಿಮ್ಮ ಜೂನ್ ಕಾಗದ ಬಂದ ದಿನ ಕೂತು ತುಂಬಿಸಿದೆ. ಆಮೇಲೆ ಅದೇ ರೂಢಿಯಾಯಿತು. ಬಸ್ಸಿನಲ್ಲಿ ಕೂತು ವಾರಕ್ಕಾಗುವಷ್ಟು ಬರೆದುಬಿಡುತ್ತಿದ್ದೆ.

ನಿಮಗೆ ಯಾಕೆ ಹೇಳಲಿಲ್ಲ ಅಂದರೆ, ಅಮ್ಮ ಆಣೆ ಹಾಕಿಸಿಕೊಂಡಿದ್ದಳು. "ಅವಳಿಗೆ ಬರೀಬೇಡ. ಅವಳು ಬರಲ್ಲ. ಬರೋಕಾಗಲ್ಲ ಅನ್ನೋ ಮಾತನ್ನ ಇನ್ನೊಂದ್ಸಲ ಕೇಳೋ ಶಕ್ತಿ ನನಗಿಲ್ಲ" ಅಂದಳು. ಕೋಪದಿಂದ ಹೇಳಲಿಲ್ಲ, ಸುಮ್ಮನೆ ಹೇಳಿದಳು. ಶಾಲೆಯ ವಿಳಾಸ ಕೊಟ್ಟದ್ದೂ ಅದಕ್ಕೇ. ಮನೆಗೆ ನಿಮ್ಮ ಕಾಗದ ಬಂದರೆ ಅಮ್ಮ ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು, ಬಿಚ್ಚದೆ, ರಾತ್ರಿಯೆಲ್ಲ ಮಗ್ಗುಲು ಬದಲಾಯಿಸುತ್ತಾಳೆ. ಫೆಬ್ರವರಿಯಲ್ಲಿ ನೋಡಿದ್ದೇನೆ.

ಆಪರೇಷನ್ ಇದೇ ಇಪ್ಪತ್ತೆಂಟಕ್ಕೆ. ಸಹಿ ಹಾಕಲು, ಜೊತೆಗಿರಲು ಹದಿನೆಂಟು ತುಂಬಿದ ಸಂಬಂಧಿಕರೇ ಬೇಕಂತೆ. ನನಗೆ ಹದಿನೇಳು. ಮೇಲ್ವಿಚಾರಕಿ ಸಹಿ ಹಾಕುತ್ತೇನೆ ಅಂದರು, ಆಫೀಸಿನವರು ಒಪ್ಪಲಿಲ್ಲ. ಯಾರೂ ಸಿಗದಿದ್ದರೆ ಮುಂದಕ್ಕೆ ಹಾಕುತ್ತಾರೆ. ಮುಂದಕ್ಕೆ ಹಾಕುವ ಹಾಗಿಲ್ಲ ಅಂತ ಡಾಕ್ಟರೇ ಹೇಳುತ್ತಾರೆ. ಯಾರ ಮಾತು ಕೇಳಲಿ?

ಶಾಲೆ ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ. ಹೇಗೂ ಪ್ರಾಜೆಕ್ಟ್ ಸುಳ್ಳಾಯಿತು. ಬನ್ನಿ ಅಂತ ನಾನು ಕೇಳುತ್ತಿಲ್ಲ. ನೀವು ಕೇಳಿದಿರಿ, ಅದಕ್ಕೆ ಬರೆದೆ.

ಮೊಂಡಿ

~

ಅಕ್ಟೋಬರ್ 20

ಮೊಂಡಿ,

ನಿನ್ನ ಕಾಗದ ಇವತ್ತಿನ ಜೀಪಿನಲ್ಲಿ ಬಂತು. ಡ್ರೈವರ್ ಊಟಕ್ಕೆ ಕೂತಿದ್ದಾನೆ. ಅವನು ಕೈ ತೊಳೆಯುವಷ್ಟರಲ್ಲಿ ಇದನ್ನು ಮುಗಿಸಬೇಕು. ಅದೇ ಜೀಪಿನಲ್ಲಿ ನಾನೂ ಇಳಿಯುತ್ತಿದ್ದೇನೆ. ಕೆಳಗೆ ಹೋಗಿ ಇದನ್ನು ಅಂಚೆ ಡಬ್ಬಿಗೆ ಹಾಕುತ್ತೇನೆ. ಕಾಗದ ಮೊದಲು ತಲುಪುತ್ತದೋ ನಾನೋ ನೋಡೋಣ.

ಮನೆಗೆ ಬರುವವಳಿಗೆ ಕಾಗದ ಯಾಕೆ ಅಂದರೆ, ಎದುರಿಗೆ ನಿಂತು ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ನಮ್ಮಮ್ಮ ತೀರಿಕೊಂಡ ದಿನ ರೀಡಿಂಗ್ ಬಿಟ್ಟು ಬರೋಕಾಗಲ್ಲ ಅಂತ ಹೇಳಿ ಕಳಿಸಿದೆನಲ್ಲ. ಹೇಳಿ ಕಳಿಸಿ ಕುರ್ಚಿಯಲ್ಲಿ ಕೂತೆ. ಎದ್ದು ಪೆಟ್ಟಿಗೆಯವರೆಗೆ ನಡೆಯಲು ಕಾಲು ಬರಲಿಲ್ಲ. ಇಪ್ಪತ್ತೇ ಹೆಜ್ಜೆ ಅದು. ಆ ದಿನದ ಎಂಟು ರೀಡಿಂಗನ್ನೂ ಕೂತಲ್ಲೇ ಬರೆದೆ. ಬರಲೂ ಇಲ್ಲ, ಹೋಗಿ ನೋಡಲೂ ಇಲ್ಲ. ಹನ್ನೆರಡು ವರ್ಷದಿಂದ ಆ ಪುಟ ತಿರುವಿದಾಗಲೆಲ್ಲ ನೋಡುತ್ತೇನೆ, ಒಂದು ಅಂಕಿಯೂ ಸೊನ್ನೆಯಲ್ಲಿ ಮುಗಿದಿಲ್ಲ. ನಿನ್ನ ಕಳ್ಳತನ ಇಲ್ಲಿ ಕೂತು ಹಿಡಿದೆನಲ್ಲ, ಜಾಣತನದಿಂದಲ್ಲ. ಅದು ನನ್ನದೇ ಕೈ.

ಒಂದು ಮನೆಯೂ ಖಾಲಿ ಬಿಟ್ಟಿಲ್ಲ ಅಂತ ನಿನಗೆ ಜಂಬ ಕೊಚ್ಚಿಕೊಂಡೆ. ಆ ಜಂಬ ನಂಬಿಯೇ ನೀನು ಸುಳ್ಳು ತುಂಬಿಸಿದ್ದು. ತಪ್ಪು ನನ್ನದು.

ಆಫೀಸಿಗೆ ಫೋನ್ ಮಾಡಿ ರಜೆ ಅಂದೆ. "ಬದಲಿ ಜನ ಇಲ್ಲ, ಒಂದು ತಿಂಗಳು ತಡೀರಿ" ಅಂದರು. "ಆಗಲ್ಲ" ಅಂದು ಇಟ್ಟೆ. ಮೋಡರಾಯ ತನ್ನ ನಾಲ್ಕು ನೋಡಿಕೊಳ್ಳುತ್ತಾನೆ. ನನ್ನವನ್ನೂ ಬರೆಯುತ್ತೇನೆ ಅಂದ, ಬೇಡ ಅಂದೆ. ಅರವತ್ತು ಸಮೀಪದ ಮಂಡಿ ಇಟ್ಟುಕೊಂಡು ನಿದ್ದೆಗೆಟ್ಟು ಸಾಯುವುದು ಬೇಡ. ನನ್ನ ಪಾಳಿಯ ಮನೆಗಳು ಖಾಲಿ ಇರಲಿ. ನಾಳೆಯ ಪುಟದಲ್ಲಿ ನನ್ನ ಕೈಯಿಂದಲೇ "ವೀಕ್ಷಕಿ ಇಲ್ಲ" ಅಂತ ಬರೆದಿಟ್ಟಿದ್ದೇನೆ.

ನಿನ್ನ ಪುಸ್ತಕದಲ್ಲೂ ಮೇಯಿಂದ ಈಚಿನ ಸುಳ್ಳೆಲ್ಲ ಕಿತ್ತು ಹಾಕಿ ಖಾಲಿ ಹಾಳೆ ಸೇರಿಸು. ಏಪ್ರಿಲ್ ಇದ್ದ ಹಾಗೇ ಇರಲಿ. ಅಂಕ ಹೋದರೆ ಹೋಗಲಿ. ಶಾಲೆ ಬಿಡುವ ಮಾತು ಎತ್ತಿದರೆ ಕಾಲು ಮುರಿಯುತ್ತೇನೆ. ಲಾಂಡ್ರಿಗೆ ನಾಳಿದ್ದಿನಿಂದ ನಾನು. ಮೋಡ ನೋಡುವವಳಿಗೆ ದಿಂಬಿನ ಚೀಲ ಇಸ್ತ್ರಿ ಮಾಡುವುದು ಬರುವುದಿಲ್ಲವೇ?

ಈ ಕಾಗದವನ್ನು ನಿಮ್ಮಮ್ಮನಿಗೆ ಓದಿ ಹೇಳು. ಈಗ ಬೇಡ, ಅವಳಿಗೆ ಕೇಳುವ ಶಕ್ತಿ ಬಂದಾಗ. ನಾನು ಅಲ್ಲಿರುವಾಗ ಬೇಡ.

ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ.

ದೊಡ್ಡಮ್ಮ

~

ಏಪ್ರಿಲ್ 2

ದೊಡ್ಡಮ್ಮ,

ಪರೀಕ್ಷೆ ಮುಗಿಯಿತು. ನಿನ್ನೆ ಇಡೀ ದಿನ ಮಲಗಿದ್ದೆ. ನಿನಗೆ ಮತ್ತೆ 'ನೀವು' ಅಂತ ಬರೆಯೋಣ ಅಂತ ಕೂತೆ, ಆಗಲಿಲ್ಲ. ಒಂದೇ ಹಾಸಿಗೆಯಲ್ಲಿ ಎರಡು ತಿಂಗಳು ನಿನ್ನ ಗೊರಕೆ ಕೇಳಿದ ಮೇಲೆ ಎಂಥ ನೀವು.

ಭೂಗೋಳದ ಪೇಪರ್ ಸುಲಭವೂ ಇರಲಿಲ್ಲ, ಕಷ್ಟವೂ ಇರಲಿಲ್ಲ. ಪ್ರಾಜೆಕ್ಟ್ ನೋಡಲು ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಅವರಿಗೂ ಸಾಕುಸಾಕಾಗಿತ್ತು, ಮೇಜಿನ ಮೇಲೆ ಅರವತ್ತು ಪುಸ್ತಕ. ನನ್ನದನ್ನು ತಿರುವಿ, ಏಪ್ರಿಲ್ ಹತ್ತಿರ ನಿಂತರು. "ಇಲ್ಲಿ ಎರಡೂ ಒಂದೇ ಇದೆಯಲ್ಲ?" ಅಂದರು. "ಬಟ್ಟಲು ಒಣಗಿತ್ತು ಸರ್" ಅಂದೆ. "ಮುಂದೆ ಖಾಲಿ?" "ಆಗ ಅಮ್ಮನಿಗೆ ಹುಷಾರಿರಲಿಲ್ಲ. ಟೆರೇಸು ಹತ್ತೋರು ಯಾರೂ ಇರಲಿಲ್ಲ." "ಬೇರೆಯವರೆಲ್ಲ ಪೂರ್ತಿ ತುಂಬಿದ್ದಾರಲ್ಲಮ್ಮ" ಅಂದರು. ಅವರು ಖಾಲಿ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಆಮೇಲೆ ಪಕ್ಕದ ಪುಸ್ತಕ ಎತ್ತಿಕೊಂಡು ಅದರ ಅಂಕಿಗಳ ಮೇಲೆ ಬೆರಳಾಡಿಸುತ್ತ ಕೂತರು. ಅಂಕ ಎಷ್ಟು ಕೊಟ್ಟರೋ ಗೊತ್ತಿಲ್ಲ. ಅರವತ್ತು ದಾಟಿದರೆ ದಾಟಿತು. ಇಲ್ಲದಿದ್ದರೆ ಮುಂದಿನ ವರ್ಷ ಮತ್ತೆ ಕೂರುತ್ತೇನೆ, ಮೇಡಂಗೆ ಹೇಳಿಯಾಗಿದೆ.

ಲಾಂಡ್ರಿಯಲ್ಲಿ ನಿನ್ನನ್ನು ಈಗಲೂ ನೆನೆಸಿಕೊಳ್ಳುತ್ತಾರೆ. ನೀನು ಸುಟ್ಟ ಹಸಿರು ಅಂಗಿಯನ್ನು ಗೋಡೆಗೆ ನೇತು ಹಾಕಿದ್ದಾರೆ. ಅಮ್ಮ ಕಳೆದ ತಿಂಗಳಿನಿಂದ ಅರ್ಧ ದಿನ ಹೋಗುತ್ತಿದ್ದಾಳೆ. ಕೂತು ಮಡಚುವ ಕೆಲಸ ಕೊಟ್ಟಿದ್ದಾರೆ.

ನಿನ್ನ ಕಾಗದವನ್ನು ಮೊನ್ನೆ ಓದಿ ಹೇಳಿದೆ. ಇಷ್ಟು ದಿನ ನನ್ನ ನಕಾಶೆ ಪುಸ್ತಕದಲ್ಲೇ ಇತ್ತು. ನೀನು ಎರಡು ತಿಂಗಳು ಅವಳ ಹಾಸಿಗೆ ಪಕ್ಕದಲ್ಲಿ ಕೂತಿದ್ದರೂ ನೀವಿಬ್ಬರೂ ಮಾತಾಡಿದ್ದು ಮಾತ್ರೆ, ಗಂಜಿ, ಕಿಟಕಿ ತೆಗಿ, ಕಿಟಕಿ ಹಾಕು, ಇಷ್ಟೇ. ನಾನು ಎಲ್ಲ ಕೇಳಿಸಿಕೊಂಡಿದ್ದೇನೆ. ಓದುವಾಗ ಅಮ್ಮ ಗೋಡೆ ಕಡೆ ತಿರುಗಿ ಮಲಗಿದ್ದಳು. ಮುಗಿದ ಮೇಲೆ "ಆ ಕುರ್ಚಿ ವಿಷಯ ಇನ್ನೊಂದ್ಸಲ ಓದು" ಅಂದಳು. ಓದಿದೆ. "ನಾನು ಅವಳು ಆರಾಮಾಗಿ ಓಡಾಡ್ಕೊಂಡು ಗೆರೆ ಓದ್ತಿದ್ಳು ಅಂದ್ಕೊಂಡಿದ್ದೆ ಕಣೇ, ಹನ್ನೆರಡು ವರ್ಷ" ಅಂದಳು. ಅಷ್ಟು ಹೇಳಿ ಅತ್ತಳು. ನಾನು ತಡೆಯಲಿಲ್ಲ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಬಾಟಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಲಾಂಡ್ರಿಯ ಬಾಟಲಿ. ಪ್ರಾಜೆಕ್ಟ್ ಡಿಸೆಂಬರಿಗೇ ಮುಗಿಯಿತಲ್ಲಮ್ಮ ಅಂದೆ. "ಮುಗಿದ್ರೆ ಮುಗೀಲಿ" ಅಂದಳು. ಡಾಕ್ಟರು ಮೆಟ್ಟಿಲು ಹತ್ತಬಹುದು ಅಂದಿದ್ದಾರೆ, ನಿಧಾನವಾಗಿ. ನಿಧಾನ ಅಂದರೆ ನಿಧಾನವೇ ಹತ್ತಿದಳು. ನಾನು ಹಿಂದೆ, ಎರಡು ಮೆಟ್ಟಿಲು ಕೆಳಗೆ, ಕೈ ಚಾಚಿಕೊಂಡು. ಇಪ್ಪತ್ತೊಂದರಲ್ಲಿ ಕೂತಳು, ಎದ್ದಳು. ಬಟ್ಟಲಲ್ಲಿ ಒಂದು ಸತ್ತ ಜೇಡ ಇತ್ತು. ತೊಳೆದು, ಹೊಸ ಬಟ್ಟೆ ಸುತ್ತಿಸಿ, ತಾನೇ ನೀರು ಹಾಕಿದಳು. ಎಂಟೂವರೆಯವರೆಗೆ ಅಲ್ಲೇ ಗೋಡೆಗೊರಗಿ ಕೂತೆವು. ಒಣ 28.0, ಒದ್ದೆ 22.5. ಎರಡೂ ದುಂಡಗಿವೆ, ಎರಡೂ ನಿಜ. ನಮ್ಮಿಬ್ಬರಿಗೂ ಅಷ್ಟು ಸುಸ್ತಾಗಿತ್ತು.

ಇಳಿಯುವಾಗ ಮತ್ತೆ ಇಪ್ಪತ್ತೊಂದನೇ ಮೆಟ್ಟಿಲಿನಲ್ಲಿ ಕೂತು ಉಸಿರು ತೆಗೆದುಕೊಂಡಳು. ನನ್ನ ಕಡೆ ನೋಡದೆ ಕೇಳಿದಳು.

"ಅವಳ ಪುಸ್ತಕದಲ್ಲಿ ಎಷ್ಟು ದಿನ ಖಾಲಿ ಉಳೀತಂತೆ?"

"ಅರವತ್ತೊಂದು" ಅಂದೆ.

ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ "ಇನ್ನೊಂದ್ಸಲ ಹೇಳು" ಅಂದಳು.

ಹೇಳಿದೆ.

ಮೊಂಡಿ